ಹಜ್ಜಾ ಹೇಳದ ಮಾತು

ಆ ಭಾನುವಾರ ಬೆಳಿಗ್ಗೆ ನಾನು ಹುಡುಕುತ್ತಿದ್ದದ್ದು ನಾಲ್ಕು ಒಳ್ಳೆಯ ಮಾತುಗಳನ್ನು. ಹನ್ನೊಂದಕ್ಕೆ ಜೇನಂಗಡಿಯ ಹಜ್ಜಾ ವಸ್ಫಿಯಾ ಬರುವವರಿದ್ದರು. ಹಜ್ ಮುಗಿಸಿ ಬಂದ ಹಿರಿಯಾಕೆ, ಹಾಗಾಗಿ ಊರಿಗೆಲ್ಲ ಹಜ್ಜಾ; ನನಗೆ ಖಾಲಾ, ಚಿಕ್ಕಮ್ಮ. ತಿಂಗಳಿಗೊಮ್ಮೆ ಅವರು ನನ್ನ ಆಫೀಸಿನ ಮೂರು ಮಹಡಿ ಹತ್ತಿ ಬಂದು, ಗ್ಯಾಸ್ ಹೀಟರಿನ ಹತ್ತಿರ ಮಂಡಿ ಚಾಚಿ ಕೂತು, "ಏನಂತಾರಮ್ಮ ಜನ, ನಮ್ಮ ಜೇನಿನ ಬಗ್ಗೆ?" ಎಂದು ಕೇಳುತ್ತಿದ್ದರು. ಅಂಕಿಸಂಖ್ಯೆ ಅವರಿಗೆ ಬೇಡ. ಯಾರೋ ಒಬ್ಬ ಸೊಸೆ, ಯಾರೋ ಒಬ್ಬ ಕೆಮ್ಮಿನ ಮುದುಕ ಏನು ಬರೆದಿದ್ದಾರೆ ಎಂದು ಓದಿ ಹೇಳಿದರೆ ಸಾಕು, ಖುಷಿಯಾಗಿ ಎದ್ದು ಹೋಗುತ್ತಿದ್ದರು.

ಜೋರ್ಡಾನಿನ ಇರ್ಬಿದ್ ಊರಿನ ವಿಶ್ವವಿದ್ಯಾಲಯದ ರಸ್ತೆಯಲ್ಲಿ ನನ್ನದೊಂದು ಕೋಣೆಯ ಜಾಹೀರಾತು ಕಚೇರಿ. ಏಳು ಅಂಗಡಿಗಳ ಬರಹ, ಚಿತ್ರ, ವಿಡಿಯೊ ಎಲ್ಲ ನನ್ನ ಕೈಯಲ್ಲೇ. ಹಲ್ಲಿನ ಡಾಕ್ಟರೊಬ್ಬರು, ಇಬ್ಬರು ಮಿಠಾಯಿಯವರು, ಮದುವೆ ಬಟ್ಟೆ ಬಾಡಿಗೆಗೆ ಕೊಡುವ ಒಬ್ಬಾಕೆ, ಹೀಗೆ. ಮೊದಲು ಸುಹೈರ್ ಎಂಬವಳು ಜೊತೆಗಿದ್ದಳು. ಗಿರಾಕಿಗಳ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಅವಳ ಕೆಲಸ. ಮೂರು ಮಕ್ಕಳ ತಾಯಿ, ಕೈ ನಿಧಾನ, ಗೊತ್ತಿಲ್ಲದ್ದಕ್ಕೆಲ್ಲ "ಕೇಳಿ ಹೇಳ್ತೀನಿ" ಅನ್ನುವವಳು. ಎಐ ಬಂದ ಮೇಲೆ ಅವಳನ್ನು ಬಿಡಿಸಿದೆ. ಒಂದು ವಾರದ ಬರಹವನ್ನು ಅದು ಒಂದು ಲೋಟ ಚಹಾ ಆರುವಷ್ಟರಲ್ಲಿ ಬರೆದುಕೊಡುತ್ತಿತ್ತು. ಗಿರಾಕಿ ಯಾವ ಹೊತ್ತಿಗೆ ಕೇಳಿದರೂ ಮರುಕ್ಷಣವೇ ಉತ್ತರ ಕೊಡುತ್ತಿತ್ತು. ಹಜ್ಜಾರ ಜಾಲತಾಣದ ಪುಟಕ್ಕಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಅವರ ಅರ್ಧ ಗಂಟೆಯ ಮಾತನ್ನು ಅದಕ್ಕೆ ಕೇಳಿಸಿದ್ದೆ. ಅದು ಅವರದೇ ದನಿಯಲ್ಲಿ, ಅವರದೇ ಅಜ್ಲೂನ್ ಬೆಟ್ಟದ ರಾಗದಲ್ಲಿ ಮಾತಾಡಲು ಕಲಿತಿತ್ತು. ಹಬ್ಬದ ಶುಭಾಶಯ ಹೇಳಿಸಲು ಎಂದು ಹಜ್ಜಾರ ಒಪ್ಪಿಗೆ ಪಡೆದಿದ್ದೆ. ಆಮೇಲೆ, ಇರಲಿ, ಉತ್ತರವೂ ಅದೇ ದನಿಯಲ್ಲಿ ಹೋಗಲಿ ಎಂದು ಒಂದು ಗುಂಡಿ ಒತ್ತಿದ್ದೆ. ಹಾಗೆ ಮಾಡಿದ್ದನ್ನು ಅವರಿಗೆ ಹೇಳಿರಲಿಲ್ಲ.

ಓದಿ ತೋರಿಸಲು ಚೆಂದದ್ದೊಂದು ಸಂಭಾಷಣೆ ಬೇಕು ಎಂದು ಹಳೆಯದನ್ನೆಲ್ಲ ಮೇಲೆ ಕೆಳಗೆ ಸರಿಸುತ್ತಿದ್ದೆ. ಒಂದು ಕಡೆ ಮಗುವಿನ ಫೋಟೊ ಕಂಡಿತು. ಹಳದಿ ಹೊದಿಕೆಯಲ್ಲಿ ಸುತ್ತಿದ ಪುಟ್ಟ ಮುಖ, ಹಿಂದೆ ಪ್ಲಾಸ್ಟಿಕ್ ಕ್ರೇಟುಗಳ ರಾಶಿ. ಇದೇ ಆಗಬಹುದು ಎಂದು ತೆರೆದೆ. ಬರೆದವಳ ಹೆಸರಿರಲಿಲ್ಲ, 'ಕಣಿವೆಯ ಚಿಟ್ಟೆ' ಎಂದಷ್ಟೇ ಇತ್ತು.

"ಹಜ್ಜಾ, ನಿಮ್ಮ ಕೈಗೆ ಮುತ್ತು. ನನ್ನ ಮಗಳಿಗೆ ಇನ್ನೂ ಎರಡು ತಿಂಗಳು ತುಂಬಿಲ್ಲ. ಸಂಜೆಯಾದ್ರೆ ಹೊಟ್ಟೆನೋವಿಗೆ ಒಂದೇ ಸಮ ಅಳ್ತಾಳೆ. ಜೇನು ಕೊಡಬಹುದಾ? ಎಷ್ಟು ಕೊಡ್ಲಿ?"

ಅದರ ಕೆಳಗೆ ಉತ್ತರದ ಧ್ವನಿ ಸಂದೇಶ. ಒತ್ತಿದೆ. ಹಜ್ಜಾರ ದನಿ ಕೋಣೆ ತುಂಬಿತು.

"ಕೊಡು ಮಗಳೇ, ಹೆದರಬೇಡ. ನಮ್ ಕಾಲದಲ್ಲಿ ಹುಟ್ಟಿದ್ ಮಗುವಿನ ಬಾಯಿಗೆ ಮೊದಲು ಮುಟ್ಟಿಸ್ತಿದ್ದದ್ದೇ ಜೇನು. ಅರ್ಧ ಚಮಚ ಬೆಚ್ಚಗಿನ ನೀರಲ್ಲಿ ಕದಡು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ನನ್ ಮೊಮ್ಮಕ್ಕಳೆಲ್ಲ ಹೀಗೇ ಬೆಳ್ದದ್ದು."

ಒಂದು ವರ್ಷದೊಳಗಿನ ಮಗುವಿಗೆ ಜೇನು ವಿಷವಾಗಬಹುದು ಎಂಬುದು ನನಗೆ ಗೊತ್ತಿತ್ತು. ಹಜ್ಜಾರ ಪ್ರತಿ ಬಾಟಲಿಯ ಹಿಂದೆಯೂ ಆ ಒಂದು ಸಾಲು ಇದೆ, ಆ ಚೀಟಿಯನ್ನು ಅಚ್ಚಿಗೆ ಕೊಟ್ಟವಳೇ ನಾನು. ಆದರೆ ಹಜ್ಜಾ ತಾವೇ ಬಾಯಿಬಿಟ್ಟು ಹೇಳಿದ ಮೇಲೆ ಬಾಟಲಿ ತಿರುಗಿಸಿ ಓದುವವರು ಯಾರು?

ತಾರೀಖು ನೋಡಿದೆ. ಹನ್ನೊಂದು ದಿನವಾಗಿತ್ತು. ಕೊನೆಗೆ ಆ ಹುಡುಗಿ ಮೂರು ಕೆಂಪು ಹೃದಯ ಕಳಿಸಿದ್ದಳು. ಆಮೇಲೆ ಏನೂ ಇಲ್ಲ.

ಮೊದಲು ಯಂತ್ರವನ್ನು ನಿಲ್ಲಿಸಿದೆ. ಮಗು, ಕೂಸು, ತಿಂಗಳು ಎಂಬ ಪದಗಳಿದ್ದ ಸಂದೇಶಗಳನ್ನೆಲ್ಲ ಹುಡುಕಿ ಓದಿದೆ. ಅಂಥದ್ದು ಇದೊಂದೇ. 'ಜೇನು ಕೊಡಬೇಡಿ, ಕೂಡಲೇ ನನಗೆ ಫೋನ್ ಮಾಡಿ' ಎಂದು ಅವಳಿಗೆ ಬರೆದೆ. ಸಂದೇಶ ಮುಟ್ಟಲಿಲ್ಲ. ಕರೆ ಮಾಡಿದೆ, ಹೋಗಲಿಲ್ಲ. ಮತ್ತೆ ಮಾಡಿದೆ. ಹನ್ನೆರಡನೆಯದೋ ಹದಿಮೂರನೆಯದೋ ಸಲ ಮಾಡುತ್ತಿದ್ದಾಗ ಹಜ್ಜಾ ಬಾಗಿಲಲ್ಲಿ ನಿಂತಿದ್ದರು, ಏದುಸಿರು ಬಿಡುತ್ತ.

"ಈ ಮೆಟ್ಟಿಲು ನನ್ನನ್ನ ಕೊಲ್ಲೋಕೇ ಕಟ್ಟಿದ್ದು," ಎಂದು ನಗುತ್ತ ಒಳಗೆ ಬಂದವರು ನನ್ನ ಮುಖ ನೋಡಿ ನಿಂತರು. "ಏನಾಯ್ತು ಅರೀಜ್? ಮನೇಲಿ ಎಲ್ಲ ಸೌಖ್ಯ ತಾನೆ?"

ಆ ಧ್ವನಿ ಸಂದೇಶವನ್ನು ಒತ್ತಿ ಕೇಳಿಸಿದೆ.

ಹಜ್ಜಾ ತಲೆ ಓರೆ ಮಾಡಿ ಕೇಳಿದರು. ಮುಗಿದ ಮೇಲೆ ತಮ್ಮ ಗಂಟಲಿನ ಮೇಲೆ ಕೈ ಇಟ್ಟುಕೊಂಡರು.

"ಇದು ನಾನಲ್ಲ."

"ಅಲ್ಲ ಖಾಲಾ."

"ನಾನ್ ಯಾವತ್ತೂ ಹೀಗೆ ಹೇಳಿಲ್ಲ. ನಂಗೆ ಮೊಮ್ಮಗ ಇರೋದೇ ಒಬ್ಬ, ಅವನಿಗೂ ಮೀಸೆ ಬಂದಿದೆ. ಯಾರಿದು?"

"ಯಂತ್ರ, ಖಾಲಾ. ನಾನೇ ಬಿಟ್ಟಿದ್ದೆ."

ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. "ಆ ಹುಡುಗಿ ಎಲ್ಲಿದಾಳೆ?" ಎಂದರು.

"ಗೊತ್ತಿಲ್ಲ. ಹೆಸರೂ ಗೊತ್ತಿಲ್ಲ. ನಮ್ಮ ಹತ್ರ ಜೇನು ತರಿಸಿಕೊಂಡಿದ್ರೆ ವಿಳಾಸ ಇರ್ತಿತ್ತು. ಮನೇಲಿದ್ದ ಯಾವುದೋ ಜೇನು ಕೊಟ್ಟಿರಬೇಕು."

"ಹನ್ನೊಂದು ದಿನ," ಎಂದರು ಹಜ್ಜಾ. ಬೆರಳು ಮಡಚಿ ಎಣಿಸಿದರು. "ದಿನಕ್ಕೆರಡು ಸಲ."

ಆ ಫೋಟೊವನ್ನು ದೊಡ್ಡದು ಮಾಡಿ ಇಬ್ಬರೂ ಕಣ್ಣು ನೆಟ್ಟೆವು. ಮಗುವಿನ ಹಿಂದಿನ ನೀಲಿ ಕ್ರೇಟಿನ ಮೇಲೆ ಬಿಳಿ ಬಣ್ಣದಲ್ಲಿ ಅರ್ಧ ಹೆಸರು ಕಾಣುತ್ತಿತ್ತು: 'ರಬ್ವಾ ತರಕಾರಿ ಕೇಂ...' ಹುಡುಕಿದೆ. ಕೆಳಗೆ ಜೋರ್ಡಾನ್ ಕಣಿವೆಯಲ್ಲಿ, ಉತ್ತರ ಶೂನಾ ಎಂಬ ಊರಿನ ಹತ್ತಿರ, ಸೌತೆ ಟೊಮೇಟೊ ತುಂಬಿ ಕಳಿಸುವ ಕೇಂದ್ರ. ಫೋನ್ ಎತ್ತಿದವನು, "ಇಲ್ಲಿ ನೂರಾರು ಹೆಂಗಸರು ಕೆಲಸ ಮಾಡ್ತಾರೆ, ಕ್ರೇಟು ಊರಲ್ಲಿ ಎಲ್ಲರ ಮನೇಲೂ ಇದೆ. ಯಾವ ಮಗು ಅಂತ ಹೇಳ್ಲಿ ತಾಯಿ?" ಎಂದು ಇಟ್ಟುಬಿಟ್ಟ.

ನಾನು ಕಾರಿನ ಕೀಲಿ ತೆಗೆದುಕೊಂಡೆ. ಹಜ್ಜಾ ಆಗಲೇ ಮೆಟ್ಟಿಲ ಹತ್ತಿರ ಹೋಗಿದ್ದರು.

"ನೀವ್ಯಾಕೆ ಖಾಲಾ, ಇಳಿಯೋದು ಹತ್ತೋದು..."

"ನನ್ ದನಿ ಅಲ್ಲಿಗೆ ಹೋಗಿದೆ. ನಾನ್ ಹೋಗ್ಬೇಡ್ವಾ?"

ಕಣಿವೆಗೆ ಇಳಿಯುವ ರಸ್ತೆಯಲ್ಲಿ ಕಿವಿ ಮುಚ್ಚಿಕೊಳ್ಳುತ್ತದೆ. ಆವತ್ತು ಅದೂ ನನಗೆ ಬೇರೆ ಏನೋ ಅನ್ನಿಸಿತು, ತಲೆಗೆ ರಕ್ತ ಏರಿದ ಹಾಗೆ. ಮುಂದೆ ಒಂದು ನೀರಿನ ಟ್ಯಾಂಕರು ತೆವಳುತ್ತಿತ್ತು. ದಾಟಲು ಜಾಗವಿರಲಿಲ್ಲ. ನಾನು ಹಾರ್ನ್ ಮೇಲೆ ಕೈ ಇಟ್ಟು ತೆಗೆಯಲಿಲ್ಲ.

"ಅವನೇನ್ ಮಾಡ್ತಾನೆ, ಹಾರ್ತಾನಾ?" ಎಂದರು ಹಜ್ಜಾ. ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ, "ಅರೀಜ್, ಆ ಯಂತ್ರಕ್ಕೆ ಈ ಮಾತು ಎಲ್ಲಿಂದ ಸಿಕ್ತು? ಹುಟ್ಟಿದ್ ಮಗು, ಮೊದಲು ಜೇನು... ಅದನ್ನ ನಾನ್ ಹೇಳಿದ್ದೆ. ನೀನು ಕ್ಯಾಮೆರಾ ಇಟ್ಕೊಂಡು ಅಂಗಡಿಗೆ ಬಂದಿದ್ಯಲ್ಲ, ಆವತ್ತು."

"ಹೌದು. ಆ ವಿಡಿಯೊಗಳನ್ನೆಲ್ಲ ಅದಕ್ಕೆ ಕೊಟ್ಟಿದ್ದೆ."

"ಆದ್ರೆ ನಾನು ಅಷ್ಟಕ್ಕೇ ನಿಲ್ಲಿಸ್ಲಿಲ್ಲ. ಇನ್ನೊಂದ್ ಮಾತು ಹೇಳಿದ್ದೆ. ಈಗ ಡಾಕ್ಟ್ರು ಬೇಡ ಅಂತಾರೆ, ವರ್ಷ ತುಂಬೋವರೆಗೂ ಹನಿ ಕೂಡ ಮುಟ್ಟಿಸ್ಬೇಡಿ, ಅವರು ಹೇಳೋದೇ ಸರಿ ಅಂತ. ನಂಗೆ ಚೆನ್ನಾಗ್ ನೆನಪಿದೆ. ಅದೆಲ್ಲಿ ಹೋಯ್ತು?"

ನನಗೆ ನೆನಪಿತ್ತು. ಆ ವಿಡಿಯೊ ನಲವತ್ತು ಸೆಕೆಂಡಿಗಿಂತ ಉದ್ದವಾಗಬಾರದಿತ್ತು. ಹಜ್ಜಾ ನಗುತ್ತ ಜೇನಿನ ಕಥೆ ಹೇಳುವಲ್ಲಿಗೆ ನಿಲ್ಲಿಸಿದರೆ ಸೊಗಸಾಗಿತ್ತು, ಡಾಕ್ಟರ ಮಾತು ಬಂದರೆ ಸಪ್ಪೆಯಾಗುತ್ತಿತ್ತು. ಕತ್ತರಿಸಿದ್ದೆ. ಅರ್ಧ ನಿಮಿಷದ ಕೆಲಸ. ಕತ್ತರಿಸಿ ಉಳಿಸಿಕೊಂಡ ಆ ತುಂಡೇ ಯಂತ್ರಕ್ಕೆ ಹೋಗಿತ್ತು. ಚಮಚದ ಲೆಕ್ಕವನ್ನೂ ಮೊಮ್ಮಕ್ಕಳನ್ನೂ ಅದು ತಾನೇ ಸೇರಿಸಿಕೊಂಡಿತ್ತು, ನಿಜ. ಆದರೆ ಬೇರು ನನ್ನ ಕೈಯಿಂದ ಹೋದದ್ದು.

"ನಾನು ತೆಗೆದೆ ಖಾಲಾ," ಎಂದೆ.

ಹಜ್ಜಾ ಮುಖ ಕಿಟಕಿಯ ಕಡೆ ತಿರುಗಿಸಿದರು. ಶೂನಾ ಬರುವವರೆಗೂ ಅವರ ತುಟಿ ಅಲುಗುತ್ತಿತ್ತು, ಪ್ರಾರ್ಥನೆ.

ತರಕಾರಿ ಕೇಂದ್ರದ ತಗಡಿನ ಚಾವಣಿಯ ಕೆಳಗೆ ಹೆಂಗಸರು ಸಾಲಾಗಿ ನಿಂತು ಸೌತೆಕಾಯಿ ಆರಿಸುತ್ತಿದ್ದರು. ಹಜ್ಜಾ ಬಾಯಿ ಬಿಟ್ಟಿದ್ದೇ ತಡ, ಮೊದಲ ಸಾಲಿನಲ್ಲಿದ್ದವಳು ಕೈಯಲ್ಲಿದ್ದದ್ದನ್ನು ಕೆಳಗೆ ಬಿಟ್ಟಳು. "ಏ, ಜೇನಿನ ಹಜ್ಜಾ! ಫೋನಲ್ಲಿರೋ ಹಜ್ಜಾ ಬಂದಿದಾರೆ ಕಣ್ರೇ!" ನಾವು ಏನೋ ಬಹುಮಾನ ಹಂಚಲು ಬಂದಿದ್ದೇವೆ ಎಂದುಕೊಂಡು ಸುತ್ತುವರಿದರು. ಒಬ್ಬಳು ಮಂಡಿನೋವು ಹೇಳಲು ಶುರುಮಾಡಿದಳು. ಇನ್ನೊಬ್ಬಳು ಫೋಟೊ ಹಿಡಿಯಲು ಬಂದಳು. ನಾನು ಮಗುವಿನ ಫೋಟೊ ತೆರೆದು ನನ್ನ ಫೋನನ್ನು ಮೊದಲವಳ ಕೈಗೆ ಕೊಟ್ಟೆ. ಅದು ಕೈಯಿಂದ ಕೈಗೆ ಹೋಯಿತು. ಗೊತ್ತಿಲ್ಲ, ಗೊತ್ತಿಲ್ಲ ಎಂಬ ತಲೆಯಾಟ. ಹತ್ತೋ ಹನ್ನೆರಡೋ ಜನ ದಾಟಿರಬೇಕು.

"ಈ ಹಳದಿ ಹೊದಿಕೆ ನಮ್ಮತ್ತೆ ಹೆಣೆದದ್ದು," ಎಂದಳು ಒಬ್ಬಳು. "ಇದು ಫಿದ್ದಾಳ ಮಗು, ಜುಮಾನಾ. ಕಾಲುವೆ ದಾಟಿ ತರಕಾರಿ ಬೆಳೆಯೋ ಎರಡನೇ ಪ್ಲಾಸ್ಟಿಕ್ ಮನೆ ಹಿಂದೆ. ಯಾಕೆ, ಏನ್ ಗೆದ್ದಳು?"

ನಾವು ಉತ್ತರ ಹೇಳದೆ ಓಡಿದೆವು. ಎಪ್ಪತ್ತು ದಾಟಿದ ಹಜ್ಜಾ ಕೂಡ ಓಡಿದರು.

ಬಾಗಿಲಿಗೆ ಬಂದವಳು ಫಿದ್ದಾಳ ಅತ್ತೆ, ಉಮ್ಮ್ ಫವ್ವಾಜ್. ಹಜ್ಜಾ ಸಲಾಮು ಹೇಳುತ್ತಿದ್ದಂತೆ ಅವಳ ಮುಖ ಅರಳಿತು. "ಅಯ್ಯೋ, ಈ ದನಿ! ನೀವು ಹಜ್ಜಾ ವಸ್ಫಿಯಾ ಅಲ್ವಾ? ಫಿದ್ದಾ, ಬಾರೇ ಹೊರಗೆ! ನಮ್ಮ ಬಡವರ ಮನೆಗೆ..." ಹಜ್ಜಾರ ಎರಡೂ ಕೈ ಹಿಡಿದು ಮುತ್ತಿಟ್ಟಳು. "ನಿಮ್ಮ ಮಾತು ಕೇಳಿ ನಾವು ಬದುಕಿದ್ವಿ ನೋಡಿ. ಏನ್ ಅಳ್ತಿತ್ತು ಆ ಮಗು! ಈಗ ನಾಕು ದಿನದಿಂದ ಚಕಾರ ಇಲ್ಲ. ಹಾಲಿಗೂ ರಚ್ಚೆ ಹಿಡಿಯಲ್ಲ. ಮಾಷಾ ಅಲ್ಲಾಹ್, ಅಷ್ಟು ಶಾಂತ."

ಅತ್ತಿದ್ದರೆ, ಮನೆ ಹಾರಿಹೋಗುವ ಹಾಗೆ ಅತ್ತಿದ್ದರೆ ಸಾಕಿತ್ತು.

ಫಿದ್ದಾ ಹೊರಗೆ ಬಂದಳು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ನಾಚಿಕೊಂಡು, ಒದ್ದೆ ಕೈಯನ್ನು ಬಟ್ಟೆಗೆ ಒರೆಸುತ್ತ, "ಹಜ್ಜಾ, ನನ್ ಫೋನ್ ಕಾಲುವೆಗೆ ಬಿದ್ದುಹೋಯ್ತು, ಇಲ್ಲದಿದ್ರೆ ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ," ಎಂದಳು.

"ಮಗು ಎಲ್ಲಿ?" ಎಂದರು ಹಜ್ಜಾ.

ಒಳಗೆ ಚಾಪೆಯ ಮೇಲೆ ಜುಮಾನಾ ಮಲಗಿದ್ದಳು, ಎಚ್ಚರವಾಗಿಯೇ. ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ಹಜ್ಜಾ ಬಗ್ಗಿ ಎತ್ತಿಕೊಂಡರು. ಕೈ ಕಾಲು ಬಟ್ಟೆಯ ಹಾಗೆ ಜೋತವು. ತಲೆ ಹಿಂದಕ್ಕೆ ವಾಲಿತು. ಕೆನ್ನೆ ಮುಟ್ಟಿದರೆ ತಿರುಗಲಿಲ್ಲ. ಬಾಯಿಗೆ ಬೆರಳು ಕೊಟ್ಟರೆ ಚೀಪಲಿಲ್ಲ. ಒಂದು ಸಣ್ಣ ಸದ್ದು ಬಂತು, ಅಳು ಅಂತಲೂ ಹೇಳಲಾಗದ್ದು.

"ಹೇಲು ಮಾಡಿ ಎಷ್ಟು ದಿನ ಆಯ್ತು?"

"ಐದು," ಎಂದಳು ಫಿದ್ದಾ. ಅವಳ ನಗು ಮುಖದ ಮೇಲೆ ಹಾಗೇ ನಿಂತುಹೋಯಿತು. "ಯಾಕೆ ಹಜ್ಜಾ?"

"ಇದು ಶಾಂತಿ ಅಲ್ಲಮ್ಮ. ಶಕ್ತಿ ಇಲ್ಲ ಮಗೂಗೆ. ನಡಿ, ಕಾರು ಹತ್ತು. ಚಪ್ಪಲಿ ಇರ್ಲಿ ಬಿಡು, ನಡಿ!"

ಮೇಲೆ ಹತ್ತುವ ರಸ್ತೆಯನ್ನು ನಾನು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಕನ್ನಡಿಯಲ್ಲಿ ಫಿದ್ದಾಳ ಮುಖ ಕಾಣುತ್ತಿತ್ತು, ಅದನ್ನು ನೋಡಬಾರದು ಎಂದು ಕನ್ನಡಿ ಓರೆ ಮಾಡಿದೆ. ಅವಳ ಪಕ್ಕ ಕೂತ ಹಜ್ಜಾ ಮಗುವಿನ ಎದೆಯ ಮೇಲೆ ಎರಡು ಬೆರಳು ಇಟ್ಟುಕೊಂಡು, ಅದು ಏರಿದಾಗಲೆಲ್ಲ "ಹ್ಞಾಂ" ಎನ್ನುತ್ತಿದ್ದರು. ಹ್ಞಾಂ. ಹ್ಞಾಂ. ಕೆಲವು ಸಲ ಮುಂದಿನದು ಬರಲು ತಡವಾಗುತ್ತಿತ್ತು. ಆಗ ನನ್ನ ಕಾಲು ತಾನಾಗಿಯೇ ಆಕ್ಸಿಲರೇಟರನ್ನು ಒತ್ತುತ್ತಿತ್ತು.

"ನೀವೇ ಹೇಳಿದ್ರಲ್ಲ ಹಜ್ಜಾ," ಎಂದಳು ಫಿದ್ದಾ ಹಿಂದಿನಿಂದ. ಆರೋಪ ಇರಲಿಲ್ಲ ಅದರಲ್ಲಿ. ಕೇಳಿ ತಿಳಿದುಕೊಳ್ಳುವ ದನಿ. "ಹೆದರಬೇಡ ಅಂದ್ರಲ್ಲ."

ಹಜ್ಜಾ ಬಾಯಿ ತೆರೆದರು, ನನ್ನ ಬೆನ್ನಿನ ಕಡೆ ನೋಡಿದರು ಅನಿಸುತ್ತದೆ. "ಆಮೇಲೆ ಹೇಳ್ತೀನಿ ಮಗಳೇ. ಈಗ ಇವಳ ಹೆಸರು ಹಿಡಿದು ಕರಿ. ಕರೀತಾ ಇರು."

ಇರ್ಬಿದ್‌ನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಮ್ಮ ಮಗುವಿನ ರೆಪ್ಪೆ ಎತ್ತಿ ಬೆಳಕು ಬಿಟ್ಟು ನೋಡಿ, ನಾವು ಹೇಳುವ ಮೊದಲೇ ಕೇಳಿದರು: "ಜೇನು ಕೊಟ್ಟಿದ್ರಾ?" ಹೌದು ಎಂದಾಗ ಅವರು ಬಾಗಿಲ ಕಡೆ ತಿರುಗಿ ಏನೋ ಕೂಗಿದರು. ನಾಲ್ಕು ಜನ ಓಡಿಬಂದರು. ಮಗುವನ್ನು ಎತ್ತಿಕೊಂಡು ಹೋದರು. ಗಾಜಿನ ಬಾಗಿಲು ಮುಚ್ಚಿತು. ಫಿದ್ದಾಳ ಕೈಯಲ್ಲಿ ಹಳದಿ ಹೊದಿಕೆ ಮಾತ್ರ ಉಳಿಯಿತು.

ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದು ಹೇಳಿದರು. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಸೂಕ್ಷ್ಮಜೀವಿ ಮಗುವಿನ ಕರುಳಲ್ಲಿ ಬೇರೂರಿ ವಿಷ ಬಿಡುತ್ತದೆ, ದೊಡ್ಡವರಿಗೆ ಏನೂ ಮಾಡುವುದಿಲ್ಲ. ಸ್ನಾಯುಗಳೆಲ್ಲ ಒಂದೊಂದಾಗಿ ಸೋಲುತ್ತವೆ. ಉಸಿರಾಟದ ಸ್ನಾಯುಗಳೂ ಸೋಲುತ್ತಿದ್ದವು. ಈಗ ಯಂತ್ರ ಉಸಿರಾಡಿಸುತ್ತಿದೆ. ಔಷಧಿ ಹೊರದೇಶದಿಂದ ಬರಬೇಕು, ಕೇಳಿದ್ದೇವೆ. "ಇನ್ನೊಂದು ದಿನ ಬಿಟ್ಟು ಬಂದಿದ್ರೆ..." ಎಂದವರು ಪೂರ್ತಿ ಮಾಡಲಿಲ್ಲ.

"ಬದುಕ್ತಾಳಾ?" ಎಂದಳು ಫಿದ್ದಾ.

"ಕಾಯ್ಬೇಕು ತಾಯಿ. ವಾರಗಟ್ಟಲೆ ಕಾಯ್ಬೇಕು."

ಫಿದ್ದಾಳ ಗಂಡ ಫವ್ವಾಜ್ ಹೊಲದ ಮಣ್ಣು ಮೆತ್ತಿದ ಬೂಟಿನಲ್ಲೇ ಬಂದ. ಗಾಜಿನಾಚೆ ನಳಿಗೆಗಳ ನಡುವೆ ಮಗಳನ್ನು ನೋಡಿದ. ಹಣೆಯನ್ನು ಗಾಜಿಗೆ ಆನಿಸಿ ತುಂಬ ಹೊತ್ತು ನಿಂತ. ನಾನು ಹೋಗಿ ಎದುರು ನಿಂತೆ. ಹಜ್ಜಾ ನನ್ನ ತೋಳು ಹಿಡಿದೆಳೆದರು, "ಈಗ ಬೇಡ," ಎಂದು. ಈಗ ಹೇಳದಿದ್ದರೆ ಮುಂದೆ ಯಾವತ್ತೂ ಹೇಳುವ ಧೈರ್ಯ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಎಲ್ಲ ಹೇಳಿದೆ.

ಅವನು ಅರ್ಥವಾಗದವನಂತೆ ಕೇಳಿದ. "ಹಾಗಾದ್ರೆ ನನ್ ಹೆಂಡ್ತಿ ಮಾತಾಡಿದ್ದು ಮನುಷ್ಯರ ಜೊತೆಯೇ ಅಲ್ಲ?"

"ಅಲ್ಲ."

"ಮನುಷ್ಯರಲ್ಲ ಅಂತ ಅವಳಿಗೆ ಗೊತ್ತಿತ್ತಾ?"

"ಇಲ್ಲ. ನಾನು ಎಲ್ಲೂ ಬರೆದಿರ್ಲಿಲ್ಲ."

ಅವನು ಮತ್ತೆ ಗಾಜಿನ ಕಡೆ ತಿರುಗಿದ. "ನನ್ನ ಅಣ್ಣತಮ್ಮಂದಿರು ದಾರೀಲಿದಾರೆ," ಎಂದ ಕೊನೆಗೆ. "ಅವರು ಬರೋ ಹೊತ್ತಿಗೆ ನೀವು ಇಲ್ಲಿರ್ಬೇಡಿ. ಹೇಳ್ತಿದೀನಿ, ಇರ್ಬೇಡಿ."

ಆಸ್ಪತ್ರೆಯ ಪೊಲೀಸರಿಗೆ ಹೇಳಿಕೆ ಬರೆದುಕೊಟ್ಟು ಮನೆಗೆ ಹೋದೆ. ಅಮ್ಮ ಬಾಗಿಲಿಗೆ ಒಳಗಿನಿಂದ ಎರಡು ಚಿಲಕ ಹಾಕಿದಳು. ಯಾವ ಕಾರು ಬೀದಿಯಲ್ಲಿ ನಿಧಾನವಾದರೂ ಎದ್ದು ಕಿಟಕಿಯ ಸಂದಿಯಲ್ಲಿ ನೋಡುತ್ತಿದ್ದೆ. ಆದರೆ ಅದಕ್ಕಿಂತ ದೊಡ್ಡ ಭಯ ಫೋನಿನದು. ಆಸ್ಪತ್ರೆಯ ದಾದಿಯೊಬ್ಬಳು ದಿನಕ್ಕೆರಡು ಸಲ ಸಂದೇಶ ಕಳಿಸಲು ಒಪ್ಪಿದ್ದಳು. ಅದು 'ಟಿಣ್' ಎಂದಾಗ ತೆರೆಯಲು ಕೈ ಬರುತ್ತಿರಲಿಲ್ಲ. 'ಹಾಗೇ ಇದ್ದಾಳೆ' ಎಂದಿರುತ್ತಿತ್ತು. ಹಾಗೇ ಇದ್ದಾಳೆ. ಅಷ್ಟನ್ನು ಓದಿ ಗೋಡೆಗೊರಗಿ ಕೂರುತ್ತಿದ್ದೆ.

ಮೂರನೆಯ ದಿನ ನಮ್ಮ ದೊಡ್ಡಪ್ಪ ಅಬು ಗಾಲಿಬ್ ಕುಲದ ಹನ್ನೆರಡು ಹಿರಿಯರನ್ನು ಕರೆದುಕೊಂಡು ಕಣಿವೆಗೆ ಹೊರಟರು. ನೊಂದವರ ಮನೆಗೆ ಹೋಗಿ ಕೈಕಟ್ಟಿ ಕೂತು, ಸೇಡಿಗೆ ಕೈ ಎತ್ತದಿರಲು ಇಷ್ಟು ದಿನ ಎಂದು ಗಡುವು ಕೇಳುವುದು ನಮ್ಮ ಕಡೆಯ ಕಟ್ಟಳೆ. ಹೆಂಗಸರು ಹೋಗುವುದಿಲ್ಲ. ಹಜ್ಜಾ ಹೊರಟು ನಿಂತರು, "ನನ್ನನ್ನ ತಡೆಯೋನು ಹುಟ್ಟಿ ಬರ್ಲಿ," ಎಂದು. ಅವರ ಬೆನ್ನಿಗೆ ನಾನೂ ಹೋದೆ. ನಮ್ಮಿಬ್ಬರನ್ನೂ ಒಳಕೋಣೆಯಲ್ಲಿ, ಪರದೆಯ ಹಿಂದೆ ಕೂರಿಸಿದರು. ಉಮ್ಮ್ ಫವ್ವಾಜ್ ನನ್ನ ಕಡೆ ಬೆನ್ನು ಮಾಡಿ ಕೂತಳು.

ಪರದೆಯ ಸಂದಿಯಿಂದ ಕಾಣುತ್ತಿತ್ತು. ಕಾಫಿಯ ಪುಟ್ಟ ಬಟ್ಟಲನ್ನು ದೊಡ್ಡಪ್ಪನ ಕೈಗೆ ಕೊಟ್ಟರು. ಅವರು ಕುಡಿಯದೆ ಮುಂದಿಟ್ಟರು. ಕೇಳಿದ್ದು ಸಿಗುವವರೆಗೂ ಆ ಕಾಫಿ ಮುಟ್ಟುವ ಹಾಗಿಲ್ಲ. ಆ ಮನೆಯ ಹಿರಿಯ ಹಾಜ್ ದೈಫಲ್ಲಾ, ಫವ್ವಾಜನ ತಾತನ ತಮ್ಮ. ಕಣ್ಣು ಮಂಜಾದ ಮುದುಕ. ದೊಡ್ಡಪ್ಪ ದೇವರ ಹೆಸರು ಹೇಳಿ ನಡೆದದ್ದನ್ನು ವಿವರಿಸುತ್ತ, "ಮಾತಾಡಿದ್ದು ಯಂತ್ರ, ಹಿರಿಯರೇ. ಅದಕ್ಕೆ ಬುದ್ಧಿ ಇಲ್ಲ, ಉದ್ದೇಶ ಇಲ್ಲ," ಎಂದರು.

ಮುದುಕ ತಲೆ ಎತ್ತಿದ. "ಯಂತ್ರ ಅಂದ್ರಾ? ಅದಕ್ಕೆ ದೊಡ್ಡಪ್ಪ ಚಿಕ್ಕಪ್ಪ ಇದಾರಾ?"

ದೊಡ್ಡಪ್ಪ ಮುಂದಿದ್ದ ಬಟ್ಟಲನ್ನು ನೋಡುತ್ತ ಕೂತರು.

"ಅಲ್ಲಪ್ಪ, ಕೇಳ್ತೀನಿ. ಅದರ ಪರವಾಗಿ ಕೈಕಟ್ಟಿ ಬಂದು ಕೂರೋ ಕುಲ ಯಾವ್ದು? ನಾಳೆ ಆ ಮಗೂಗೆ ಏನಾದ್ರೂ ಆದ್ರೆ ನಾನು ಯಾರ ಮನೆ ಬಾಗಿಲು ತಟ್ಲಿ? ಅದರ ಮನೆ ಎಲ್ಲಿದೆ, ತೋರಿಸಿ."

ಹಿಂದೆ ನಿಂತಿದ್ದ ಹುಡುಗರಲ್ಲೊಬ್ಬ ಗೊಣಗಿದ. ದೊಡ್ಡಪ್ಪನ ಹಣೆಯ ಮೇಲೆ ಬೆವರು ಹೊಳೆಯುತ್ತಿತ್ತು.

ನಾನು ಎದ್ದೆ. ಪರದೆ ಸರಿಸಲಿಲ್ಲ, ಅದರ ಹಿಂದಿನಿಂದಲೇ ಮಾತಾಡಿದೆ. "ಯಂತ್ರದ ಮಾತು ಬಿಡಿ ತಾತ. ಮಾಡಿದ್ದು ನಾನು. ಹಜ್ಜಾ ಎರಡು ಮಾತು ಹೇಳಿದ್ರು. ಒಂದನ್ನ ಇಟ್ಕೊಂಡು ಇನ್ನೊಂದನ್ನ ಕತ್ತರಿಸಿ ಬಿಸಾಕಿದ್ದು ನಾನು. ಮನುಷ್ಯರ ಹೆಸರಲ್ಲಿ ಅದಕ್ಕೆ ಮಾತಾಡೋಕೆ ಬಿಟ್ಟಿದ್ದೂ ನಾನೇ. ನೀವು ಬಾಗಿಲು ತಟ್ಟೋದಾದ್ರೆ ನನ್ನ ಬಾಗಿಲು."

ಉಮ್ಮ್ ಫವ್ವಾಜ್ ತಿರುಗಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಎದುರಿಸಲಾರದೆ ನೆಲ ನೋಡಿದೆ.

"ಸರಿ," ಎಂದ ಮುದುಕ. "ಈಗ ಮನುಷ್ಯರು ಸಿಕ್ಕಿದ್ರು. ಮಗು ತಾನಾಗಿ ಉಸಿರಾಡೋವರೆಗೂ ಗಡುವು ಕೊಟ್ಟೆ. ಅಲ್ಲೀವರೆಗೂ ನಿಮ್ಮವರ ಮೇಲೆ ನಮ್ಮವರ ಕೈ ಏಳಲ್ಲ. ಆಮೇಲಿಂದು ಆಮೇಲೆ. ಒಂದು ಮಾತು. ಆ ಸುಳ್ಳು ಎಷ್ಟು ಜನರ ಕಿವಿಗೆ ಬೀಳಬಹುದಿತ್ತೋ ಅಷ್ಟು ಜನಕ್ಕೂ ನಿಜ ಹೇಳ್ಬೇಕು. ಯಾರು ಮಾಡಿದ್ದು ಅಂತ ಹೆಸರಿಟ್ಟು ಹೇಳ್ಬೇಕು. ಕುಡೀರಪ್ಪ ಕಾಫಿ, ಆರಿಹೋಯ್ತು."

ಮರುದಿನ ಹಜ್ಜಾರ ಅಂಗಡಿಯಲ್ಲಿ ಅವರ ಪಕ್ಕ ಕೂತು ವಿಡಿಯೊ ಮಾಡಿದೆ. ಹಜ್ಜಾ ತಮ್ಮ ಬಾಯಿಂದಲೇ ಪೂರ್ತಿ ಮಾತು ಹೇಳಿದರು, ಕೆಮ್ಮಿದ್ದನ್ನೂ ತೆಗೆಯಲಿಲ್ಲ. ನಾನು ನನ್ನ ಹೆಸರು, ಅಪ್ಪನ ಹೆಸರು ಹೇಳಿ ಮಾಡಿದ್ದನ್ನು ಹೇಳಿದೆ. ನೋಡಿದವರು ಏನೇನು ಬರೆದರು ಎಂಬುದನ್ನು ಇಲ್ಲಿ ಬರೆಯಲಾರೆ. ಮೂರು ಗಿರಾಕಿಗಳು ಬಿಟ್ಟುಹೋದರು. ಉಳಿದವರ ಪುಟಗಳಲ್ಲೂ ಯಂತ್ರ ತಾನಾಗಿ ಯಾರಿಗೂ ಉತ್ತರ ಕೊಡದ ಹಾಗೆ ಮಾಡಿದೆ. ಬರೆಯಲು ಈಗಲೂ ಅದರ ನೆರವು ಪಡೆಯುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ 'ಕಳಿಸು' ಒತ್ತುವ ಮುನ್ನ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತೇನೆ. ಮಿಠಾಯಿಯ ಬಗ್ಗೆ ನಾಲ್ಕು ಸಾಲು ಇದ್ದರೂ ಎರಡು ಸಲ ಓದುತ್ತೇನೆ.

ಔಷಧಿ ಒಂಬತ್ತನೆಯ ದಿನ ಬಂತು. ಅದಾದ ಮೇಲೂ 'ಹಾಗೇ ಇದ್ದಾಳೆ'. ಹದಿನೇಳನೆಯ ದಿನ 'ಒಂದು ಬೆರಳು ಮಡಚಿದಳು'. ಇಪ್ಪತ್ತಮೂರನೆಯ ದಿನ ಜ್ವರ ಬಂತು, ಆವತ್ತು ಎರಡನೆಯ ಸಂದೇಶ ಬರಲೇ ಇಲ್ಲ. ಫೋನು ಮಡಿಲಲ್ಲಿಟ್ಟುಕೊಂಡು ಇಡೀ ಸಂಜೆ ಕೂತಿದ್ದೆ. ಮರುದಿನ ಗೊತ್ತಾಯಿತು, ದಾದಿಗೆ ರಜೆಯಿತ್ತಂತೆ. ಮೂವತ್ತೊಂದನೆಯ ದಿನ ನಳಿಗೆ ತೆಗೆದರು. ಜುಮಾನಾ ತಾನಾಗಿ ಉಸಿರಾಡಿದಳು. ಹಾಜ್ ದೈಫಲ್ಲಾ ಕೊಟ್ಟ ಗಡುವೂ ಅಲ್ಲಿಗೆ ಮುಗಿದಿತ್ತು.

ಮನೆಗೆ ಕಳಿಸುವ ದಿನ ಫಿದ್ದಾ ಹಜ್ಜಾರಿಗೆ ಫೋನು ಮಾಡಿ ಬರಹೇಳಿದಳಂತೆ. "ಆ ಅಕ್ಕನೂ ಬರ್ಲಿ," ಎಂದಳಂತೆ. ಹೋಗಲು ನನಗೆ ಕಾಲು ಬರಲಿಲ್ಲ. ಹಜ್ಜಾ ಮನೆಗೇ ಬಂದು ಎಬ್ಬಿಸಿಕೊಂಡು ಹೋದರು.

ಫವ್ವಾಜ್ ಆಸ್ಪತ್ರೆಯ ಮೆಟ್ಟಿಲ ಕೆಳಗೆ ಪಿಕಪ್ ನಿಲ್ಲಿಸಿಕೊಂಡಿದ್ದ. ನನ್ನ ಸಲಾಮಿಗೆ ಉತ್ತರ ಕೊಟ್ಟ, ಅಷ್ಟೇ. ಫಿದ್ದಾ ಬಟ್ಟೆಗಂಟು ಎತ್ತಿಕೊಳ್ಳಲು ಎರಡೂ ಕೈ ಬೇಕಾಗಿ, ಹತ್ತಿರ ನಿಂತಿದ್ದ ನನ್ನ ಕಡೆ ಮಗುವನ್ನು ಚಾಚಿದಳು. "ಒಂಚೂರು ಹಿಡ್ಕೊಳ್ಳಿ ಅಕ್ಕ. ಕುತ್ತಿಗೆ ಇನ್ನೂ ನಿಂತಿಲ್ಲ, ಕೆಳಗೆ ಕೈ ಕೊಡಿ."

"ನಾನಾ?" ಎಂದೆ. ನನ್ನ ಕೈ ಮೇಲೆ ಏಳಲಿಲ್ಲ.

"ಬೇಗ, ಅಕ್ಕ. ಗಂಟು ಜಾರ್ತಿದೆ."

ತೆಗೆದುಕೊಂಡೆ. ಒಂದು ಅಂಗೈಯನ್ನು ಕುತ್ತಿಗೆಯ ಕೆಳಗೆ ಕೊಟ್ಟೆ. ಮಗು ನನ್ನ ತಲೆವಸ್ತ್ರದ ಅಂಚನ್ನು ಹಿಡಿದು, ಸ್ವಲ್ಪ ಹೊತ್ತು ಎಳೆದು, ಬಿಟ್ಟಿತು. ಫಿದ್ದಾ ಗಂಟನ್ನು ಪಿಕಪ್‌ಗೆ ಏರಿಸಿ ಬರುವವರೆಗೂ ನಾನು ಅಲುಗಾಡದೆ ನಿಂತೆ.